ಹೊಸ ಟೈರ್ ಮುಂದಕ್ಕೋ, ಹಿಂದಕ್ಕೋ?

ಇಳಕಲ್ಲಿನಿಂದ ಹುನಗುಂದದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹಗಲು ರಾತ್ರಿ ಗಾಡಿಗಳ ಓಡಾಟ. ಕೆಂಪು ಗ್ರಾನೈಟ್ ಹೊತ್ತ ಲಾರಿ, ಸೀರೆಯ ಗಂಟು ಹೇರಿದ ಪಿಕಪ್, ಕೂಡಲಸಂಗಮಕ್ಕೆ ಹೊರಟ ಬೊಲೆರೊ ಎಲ್ಲವೂ ಇದೇ ದಾರಿ ಹಿಡಿಯುತ್ತವೆ. ಇಂಥ ಗಾಡಿಯೊಂದು ಟೈರ್ ಅಂಗಡಿಯ ಮುಂದೆ ಜಾಕಿನ ಮೇಲೆ ನಿಂತಾಗ, ನಾಲ್ಕಕ್ಕೂ ದುಡ್ಡು ಹೊಂದದೆ ಎರಡೇ ಹೊಸ ಟೈರ್ ತಂದಿದ್ದರೆ, ಒಂದು ವಾದ ಹುಟ್ಟಿಕೊಳ್ಳುತ್ತದೆ. "ಹೊಸಾವು ಮುಂದ ಹಾಕ್ರಿ, ಸ್ಟೇರಿಂಗ್ ಇರೋದು ಅಲ್ಲೇ" ಎಂಬುದು ಒಂದು ಪಕ್ಷ. "ಎಂಜಿನ್ ದೂಡೋದು ಹಿಂದಿನ ಗಾಲಿ, ಹಿಂದ ಹಾಕ್ರಿ" ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಜಾಗವೇ ತಪ್ಪು. ಎರಡನೆಯದರಲ್ಲಿ ಜಾಗ ಸರಿ, ಕಾರಣ ತಪ್ಪು. ಜಾಗ ಸರಿಯಾದ ಮೇಲೆ ಕಾರಣ ತಪ್ಪಿದರೇನು ಎನ್ನುವಂತಿಲ್ಲ. ಆ ತಪ್ಪು ಕಾರಣವನ್ನೇ ನಂಬಿದವರು ಮುಂದಿನ ಟೈರು ಬೋಳಾಗಿದ್ದರೂ ನಡೆಯುತ್ತದೆ ಎಂದುಕೊಳ್ಳುತ್ತಾರೆ. ಅದೇ ನಂಬಿಕೆಯನ್ನು ಹೊತ್ತು ಹಿಮ ಬೀಳುವ ದೇಶಕ್ಕೆ ಹೋದವರು ಅಲ್ಲಿ ಇನ್ನೂ ದೊಡ್ಡ ತಪ್ಪು ಮಾಡುತ್ತಾರೆ.

ಬೊಲೆರೊ, ಟಾಟಾ ಏಸ್, ಮಾರುತಿ ಈಕೋ, ಹಿಂದಿನ ಕಾಲದ ಅಂಬಾಸಿಡರ್ ಇವೆಲ್ಲ ಹಿಂದಿನ ಗಾಲಿಯಿಂದ ಓಡುವ ಗಾಡಿಗಳು. ಎಂಜಿನ್ ಬಲ ಉದ್ದನೆಯ ಶಾಫ್ಟಿನ ಮೂಲಕ ಹಿಂದಿನ ಅಚ್ಚಿಗೆ ಹೋಗುತ್ತದೆ. ಆದರೆ ಎಂಜಿನ್ ಮಾಡುವ ಕೆಲಸ ಒಂದೇ: ದೂಡುವುದು. ಗಾಡಿ ನಿಲ್ಲುವುದು ನಾಲ್ಕೂ ಗಾಲಿಗಳಿಂದ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಎರಡರದ್ದೇ. ತಿರುವಿನಲ್ಲಿ ಮುಂದಿನ ಗಾಲಿ ದಿಕ್ಕು ತೋರಿಸುತ್ತದೆ, ಹಿಂದಿನದು ಆ ದಿಕ್ಕಿನಲ್ಲಿ ಗಾಡಿಯನ್ನು ಹಿಡಿದಿಡುತ್ತದೆ. ಒಂದೊಂದು ಟೈರೂ ನೆಲಕ್ಕೆ ತಾಗಿರುವುದು ಸುಮಾರು ಒಂದು ಅಂಗೈಯಷ್ಟು ಜಾಗದಲ್ಲಿ. ಆ ನಾಲ್ಕು ಅಂಗೈಗಳಲ್ಲಿ ಇರುವ ಹಿಡಿತವೇ ಗಾಡಿಯ ಒಟ್ಟು ಬಂಡವಾಳ. ದೂಡಲು, ತಿರುಗಲು, ನಿಲ್ಲಲು ಎಲ್ಲಕ್ಕೂ ಅದರಿಂದಲೇ ಖರ್ಚಾಗಬೇಕು. ಎಂಜಿನ್ ಯಾವ ಗಾಲಿಗೆ ಜೋಡಿಸಿದೆ ಎಂದು ನೋಡಿ ಟೈರ್ ಹಾಕುವವರು ಗಾಡಿ ಹೊರಡುವುದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ, ನಿಲ್ಲುವುದನ್ನು ಮರೆಯುತ್ತಾರೆ.

ಹಾಗಾದರೆ ಇದ್ದ ಎರಡು ಒಳ್ಳೆಯ ಟೈರು ಹಿಂದಕ್ಕೆ ಏಕೆ? ಇದು ಮಳೆಯ ರಸ್ತೆಯಲ್ಲಿ ತಿಳಿಯುತ್ತದೆ. ನೀರು ನಿಂತ ಡಾಂಬರಿನ ಮೇಲೆ ವೇಗವಾಗಿ ಹೋಗುವಾಗ ಟೈರಿನ ಗೆರೆಗಳು ನೀರನ್ನು ಪಕ್ಕಕ್ಕೆ ತಳ್ಳಬೇಕು. ಗೆರೆ ಸವೆದಿದ್ದರೆ ನೀರಿಗೆ ಹೋಗಲು ದಾರಿಯಿಲ್ಲ, ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಮುಂದಿನ ಗಾಲಿ ತೇಲಿದರೆ ಸ್ಟೇರಿಂಗ್ ಹಗುರಾಗಿ ಗಾಡಿ ನೇರಕ್ಕೆ ಜಾರುತ್ತದೆ. ಅದು ಅಪಾಯವೇ, ಆದರೆ ಚಾಲಕನ ಕೈಗೆ ಗೊತ್ತಾಗುವ ಅಪಾಯ. ಆಕ್ಸಿಲರೇಟರ್ ಬಿಟ್ಟರೆ ವೇಗ ಇಳಿದು ಹಿಡಿತ ಮರಳುತ್ತದೆ. ಹಿಂದಿನ ಗಾಲಿ ತೇಲಿದರೆ ಹಾಗಲ್ಲ. ಕೈಯಲ್ಲಿ ಯಾವ ಸುಳಿವೂ ಇಲ್ಲದೆ ಬಾಲ ಪಕ್ಕಕ್ಕೆ ಬೀಸುತ್ತದೆ, ಗಾಡಿ ಬುಗುರಿಯಂತೆ ಸುತ್ತುತ್ತದೆ. ಗಾಬರಿಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಅಥವಾ ಬ್ರೇಕ್ ತುಳಿದರೆ ಭಾರವೆಲ್ಲ ಮುಂದಕ್ಕೆ ಹೋಗಿ ಹಿಂಬದಿ ಮತ್ತಷ್ಟು ಹಗುರಾಗುತ್ತದೆ. ಮಾಲು ಇಳಿಸಿ ಬರಿದಾಗಿ ಮರಳುವ ಪಿಕಪ್‌ಗೆ ಈ ಕಂಟಕ ಹೆಚ್ಚು. ಎಂಜಿನ್ ಮತ್ತು ಕ್ಯಾಬಿನ್ನಿನ ಭಾರ ಮುಂದಿದೆ, ಹಿಂದೆ ಖಾಲಿ ತೊಟ್ಟಿ. ಟೈರ್ ತಯಾರಕರು ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿ ಎಂದು ಹೇಳುವುದು ಈ ಕಾರಣಕ್ಕೆ. ಮುಂದಿನ ಗಾಲಿಯಿಂದ ಓಡುವ ಸ್ವಿಫ್ಟಿಗೂ ಅವರು ಇದನ್ನೇ ಹೇಳುತ್ತಾರೆ. ಮಾತು ಎಂಜಿನ್ನಿನದಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇದಕ್ಕೆ ಬರುವ ಆಕ್ಷೇಪ ಸಣ್ಣದಲ್ಲ. ಮುಂದಿನ ಟೈರು ಒಡೆದರೆ ಸ್ಟೇರಿಂಗ್ ಕೈಮೀರುತ್ತದಲ್ಲ, ಹಳೆಯದನ್ನು ಅಲ್ಲಿ ಇಡುವುದು ಹೇಗೆ ಎನ್ನುತ್ತಾರೆ. ಒಡೆದಾಗ ಗಾಡಿ ಒಂದು ಪಕ್ಕಕ್ಕೆ ಬಲವಾಗಿ ಜಗ್ಗುವುದು ನಿಜ. ಆದರೂ ಗಟ್ಟಿಯಾಗಿ ಹಿಡಿಯಲು ಚಕ್ರ ಕೈಯಲ್ಲಿರುತ್ತದೆ. ಹಿಂದೆ ಒಡೆದಾಗ ಹಿಡಿಯಲು ಏನೂ ಇರುವುದಿಲ್ಲ. ಇನ್ನೂ ಮುಖ್ಯವಾದ ಉತ್ತರ ಬೇರೆಯಿದೆ: ಒಡೆಯುವ ಭಯ ಹುಟ್ಟಿಸುವಷ್ಟು ಹಳೆಯದಾದ ಟೈರಿಗೆ ಹಿಂದೆಯೂ ಜಾಗವಿಲ್ಲ, ಮುಂದೆಯೂ ಇಲ್ಲ. ಹಿಂದಕ್ಕೆ ಹೊಸದು ಎಂಬ ನಿಯಮ ಎರಡು ಒಳ್ಳೆಯ ಜೋಡಿಗಳ ನಡುವಿನ ಆಯ್ಕೆಗೆ ಮಾತ್ರ.

ಈಗ ಹಿಮದ ನಾಡಿನ ಮಾತು. ಬಾಗಲಕೋಟೆ ಜಿಲ್ಲೆಯಿಂದ ಹೋಗಿ ಅಮೆರಿಕ, ಕೆನಡಾ, ಜರ್ಮನಿಯಲ್ಲಿ ನೆಲೆಸಿದ ಮಕ್ಕಳು ಮಸ್ಟಾಂಗ್, ಮಿಯಾಟಾ, ಬಿಎಂಡಬ್ಲ್ಯು ಥರದ ಗಾಡಿ ಕೊಂಡರೆ, ಅವುಗಳಲ್ಲಿ ಬಹಳಷ್ಟು ನಮ್ಮ ಬೊಲೆರೊದಂತೆಯೇ ಹಿಂದಿನ ಗಾಲಿಯಿಂದ ಓಡುವಂಥವು. ಅಲ್ಲಿ ಎರಡು ನಂಬಿಕೆ ಬಲವಾಗಿವೆ. ಹಿಂದಿನ ಗಾಲಿಯ ಸ್ಪೋರ್ಟ್ಸ್ ಕಾರು ಚಳಿಗಾಲಕ್ಕೆ ನಡೆಯುವುದೇ ಇಲ್ಲ ಎಂಬುದು ಒಂದು. ನಡೆಸಲೇಬೇಕಾದರೆ ಹಿಂದಿನ ಎರಡಕ್ಕೆ ಮಾತ್ರ ಚಳಿಗಾಲದ ಟೈರ್ ಹಾಕಿದರೆ ಸಾಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸ್ವೀಡನ್ನೇ ಉತ್ತರ. 1974ರಿಂದ 1993ರವರೆಗೆ ತಯಾರಾದ ವೋಲ್ವೊ 240 ಹಿಂದಿನ ಗಾಲಿಯ ಕಾರು, ಆ ಹಿಮದ ದೇಶದಲ್ಲಿ ಮನೆಮನೆಯ ಗಾಡಿಯಾಗಿತ್ತು. ಸ್ಪೋರ್ಟ್ಸ್ ಕಾರು ಚಳಿಯಲ್ಲಿ ಸೋಲುವುದು ಬಹುಮಟ್ಟಿಗೆ ಅದಕ್ಕೆ ಹಾಕಿ ಕಳಿಸಿದ ಬೇಸಿಗೆಯ ಟೈರಿನಿಂದ. ಬಿಸಿ ರಸ್ತೆಯಲ್ಲಿ ಅಂಟಿದಂತೆ ಹಿಡಿಯುವ ಆ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗುತ್ತ ಹೋಗುತ್ತದೆ. ತೀರಾ ಕೊರೆಯುವ ಚಳಿಯಲ್ಲಿ ಗಾಡಿ ಕದಲಿಸಿದರೆ ಬಿರುಕು ಬಿಡಬಹುದೆಂದು ಕೆಲವು ತಯಾರಕರೇ ಎಚ್ಚರಿಸುತ್ತಾರೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲೂ ಮೆತ್ತಗಿರುತ್ತದೆ. ಅದರ ಮೈತುಂಬ ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳುಗಳಿದ್ದು, ಅವು ಹಿಮವನ್ನು ಕಚ್ಚುತ್ತವೆ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರುವ ಗುರುತನ್ನು ಪಕ್ಕದ ಗೋಡೆಯ ಮೇಲೆ ನೋಡಿ ಕೊಳ್ಳಬೇಕು. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ.

ಎರಡನೆಯ ನಂಬಿಕೆ ಇಳಕಲ್ಲಿನ ಅಂಗಡಿಯ ವಾದದ ತಮ್ಮನೇ. ಹಿಂದಕ್ಕೆ ಮಾತ್ರ ಚಳಿಗಾಲದ ಟೈರ್ ಹಾಕಿದ ಕಾರು ಚೆನ್ನಾಗಿ ಹೊರಡುತ್ತದೆ, ಏರು ಹತ್ತುತ್ತದೆ. ಅದರಿಂದ ಚಾಲಕನಿಗೆ ಧೈರ್ಯ ಬರುತ್ತದೆ. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದಾಗ ಬಿರುಸಾದ ಮುಂದಿನ ರಬ್ಬರು ಮಾತು ಕೇಳುವುದಿಲ್ಲ. ಬ್ರೇಕಿನ ಹೆಚ್ಚಿನ ಪಾಲು ಹೊರಬೇಕಾದ ಗಾಲಿಗಳೇ ಜಾರುತ್ತವೆ. ಈಗಿನ ಕಾರುಗಳಲ್ಲಿ ಜಾರುವಿಕೆ ತಡೆಯುವ ಕಂಪ್ಯೂಟರ್ ಇದೆಯಲ್ಲ ಎಂದರೆ, ಅದು ಇರುವ ಹಿಡಿತವನ್ನು ಹಂಚಬಲ್ಲದು, ಇಲ್ಲದ್ದನ್ನು ಹುಟ್ಟಿಸಲಾರದು. ಹಾಕಿದರೆ ನಾಲ್ಕಕ್ಕೂ ಹಾಕಬೇಕು. ಅಗಲದ ಮೋಹವನ್ನೂ ಬಿಡಬೇಕು. ಕಾರಿನ ಕಂಪನಿ ಒಪ್ಪಿದ ಅಳತೆಗಳಲ್ಲಿ ಕಿರಿದಾದುದೇ ಹಿಮಕ್ಕೂ ಕೆಸರುನೀರಿಗೂ ಮೇಲು. ನಮ್ಮ ಎತ್ತಿನ ಬಂಡಿಯ ಕಿರಿದಾದ ಕಬ್ಬಿಣದ ಪಟ್ಟಿ ರಾಡಿಯನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತಿತ್ತು. ಹುನಗುಂದದ ಎರಿ ಹೊಲದಲ್ಲಿ ಕೆಳಗೆ ಗಟ್ಟಿ ನೆಲವೇ ಸಿಗದು, ಅದಕ್ಕೇ ಟ್ರ್ಯಾಕ್ಟರಿಗೆ ಅಗಲವಾದ ಹಿಂಗಾಲಿ. ಮೇಲೆ ತೇಲಬೇಕಾದಲ್ಲಿ ಅಗಲ, ಸೀಳಿ ತಳ ಮುಟ್ಟಬೇಕಾದಲ್ಲಿ ಕಿರಿದು. ನೀರು ನಿಂತ ಡಾಂಬರು ಎರಡನೆಯ ಬಗೆಯದು. ಅಂದಕ್ಕೆಂದು ಬೊಲೆರೊಗೆ ಅಗಲ ಟೈರ್ ಏರಿಸುವವರು ಇದನ್ನು ನೆನಪಿಡಬೇಕು. ಕೆಸರಿಗೆಂದೇ ಮಾಡಿದ ದಪ್ಪ ಗುಬ್ಬಿಗಳ ಟೈರೂ ಒದ್ದೆ ಹೆದ್ದಾರಿಯಲ್ಲಿ ಸಾಧಾರಣ ಟೈರಿಗಿಂತ ತಡವಾಗಿ ನಿಲ್ಲಿಸುತ್ತದೆ.

ಇಳಕಲ್ಲಿನಲ್ಲಿ ಹಿಮದ ಚಿಂತೆಯಿಲ್ಲ. ಇಲ್ಲಿ ಟೈರಿನ ಶತ್ರು ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲು. ಆ ಬಿಸಿಲಿಗೆ ಹುಟ್ಟಿದ ನಂಬಿಕೆ ನಾನು ಬಲ್ಲ ಎಲ್ಲ ಟೈರ್ ನಂಬಿಕೆಗಳಲ್ಲಿ ಅತಿ ಕೆಟ್ಟದ್ದು: ಬೇಸಿಗೆಯಲ್ಲಿ ಗಾಳಿ ಕಡಿಮೆ ಇಡಬೇಕು, ಇಲ್ಲದಿದ್ದರೆ ಉಬ್ಬಿ ಒಡೆಯುತ್ತದೆ. ಬಿಸಿಗೆ ಗಾಳಿ ಹಿಗ್ಗುವುದು ಸುಳ್ಳಲ್ಲ. ಐದೂವರೆ ಡಿಗ್ರಿ ಏರಿದರೆ ಸುಮಾರು ಒಂದು ಪಿಎಸ್ಐ ಏರುತ್ತದೆ, ಓಡುವಾಗ ಇನ್ನೂ ನಾಲ್ಕೈದು ಸೇರಬಹುದು. ಆದರೆ ಕಂಪನಿ ಹೇಳುವ ಅಂಕಿಯಲ್ಲಿ ಈ ಏರಿಕೆಗೆ ಜಾಗ ಬಿಟ್ಟೇ ಲೆಕ್ಕ ಮಾಡಿರುತ್ತಾರೆ. ಒಳ್ಳೆಯ ಟೈರು ಅಷ್ಟಕ್ಕೆ ಒಡೆಯುವುದಿಲ್ಲ. ಒಡೆಸುವುದು ಒಳಗೆ ಹುಟ್ಟುವ ಕಾವು. ಗಾಳಿ ಕಡಿಮೆಯಿದ್ದರೆ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ. ಒಂದು ತಂತಿಯನ್ನು ಆಚೆ ಈಚೆ ಹತ್ತು ಸಲ ಬಗ್ಗಿಸಿ ಆ ಜಾಗ ಮುಟ್ಟಿದರೆ ಬೆರಳಿಗೆ ಕಾವು ತಾಗುತ್ತದೆ. ಟೈರಿನ ಗೋಡೆ ಹೆದ್ದಾರಿಯ ವೇಗದಲ್ಲಿ ನಿಮಿಷಕ್ಕೆ ನೂರಾರು ಸಲ ಹಾಗೆ ಬಗ್ಗುತ್ತದೆ. ಮೇಲೆ ಬಿಸಿಲು, ಕೆಳಗೆ ಕಾದ ಡಾಂಬರು, ತೊಟ್ಟಿಯಲ್ಲಿ ಮಿತಿಮೀರಿದ ಭಾರ. ಪದರ ಬಿಡುತ್ತದೆ, ಆಮೇಲೆ ಒಡೆಯುತ್ತದೆ. ಮಧ್ಯಾಹ್ನವೇ ಹೆಚ್ಚು ಒಡೆಯುತ್ತವೆ ಎಂಬ ಚಾಲಕರ ಅನುಭವ ನಿಜ, ಅದಕ್ಕೆ ಅವರು ಕಂಡುಕೊಂಡ ಮದ್ದು ಮಾತ್ರ ರೋಗವನ್ನೇ ಹೆಚ್ಚಿಸುತ್ತದೆ.

ಇದಕ್ಕೆ ಲೋಕವೇ ನೋಡಿದ ಉದಾಹರಣೆಯಿದೆ. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಿಗೆ ಹಾಕಿದ್ದ ಫೈರ್‌ಸ್ಟೋನ್ ಟೈರುಗಳು ಓಡುವಾಗಲೇ ಪದರ ಬಿಟ್ಟು, ಗಾಡಿಗಳು ಮಗುಚಿ, ಅಮೆರಿಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2000ದ ಆಗಸ್ಟ್‌ನಲ್ಲಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಲಾಯಿತು. ಟೆಕ್ಸಾಸ್, ಫ್ಲಾರಿಡಾ, ಆರಿಜೋನಾದಂಥ ಬಿಸಿ ರಾಜ್ಯಗಳಲ್ಲೇ ಹೆಚ್ಚು ಒಡೆದವು, ಅದರಲ್ಲೂ ಹಿಂದಿನ ಟೈರುಗಳು. ಟೈರಿನ ದೋಷವೂ ಇತ್ತು, ಗಾಡಿಯ ಎತ್ತರದ ಪಾತ್ರವೂ ಇತ್ತು, ಕಂಪನಿಗಳು ಪರಸ್ಪರ ದೂರಿಕೊಂಡವು. ಆದರೆ ಆ ಜಗಳದ ನಡುವೆ ಒಂದು ಅಂಕಿ ಎದ್ದು ಕಾಣುತ್ತದೆ: ಗಾಡಿಗೆ ಸೂಚಿಸಿದ್ದು 26 ಪಿಎಸ್ಐ, ಟೈರ್ ಕಂಪನಿ 30 ಬೇಕಿತ್ತೆಂದಿತು. ಅದೇ ವರ್ಷ ಅಮೆರಿಕ ಕಾನೂನು ಮಾಡಿತು. ಗಾಳಿ ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಸುವ ವ್ಯವಸ್ಥೆ ಅಲ್ಲಿನ ಹೊಸ ಕಾರುಗಳಿಗೆ ಕಡ್ಡಾಯವಾದದ್ದು ಅದರಿಂದ. ಗಾಳಿ ಹೆಚ್ಚಿದ್ದಕ್ಕಲ್ಲ, ಇಳಿದದ್ದಕ್ಕೆ ದೀಪ.

ಬೇಸಿಗೆಗೆಂದು ಇಳಿಸಿದ ಗಾಳಿ ಮಳೆ ಬಂದಾಗಲೂ ಕಾಡುತ್ತದೆ. ಟೈರು ಯಾವ ವೇಗದಲ್ಲಿ ನೀರಿನ ಮೇಲೆ ತೇಲುತ್ತದೆ ಎಂದು 1960ರ ದಶಕದಲ್ಲಿ ನಾಸಾದ ಸಂಶೋಧಕರು ವಿಮಾನಗಳಿಗಾಗಿ ಒಂದು ಸೂತ್ರ ಕಂಡುಕೊಂಡರು. ಅದರಂತೆ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತಿರುತ್ತದೆ. ಗೆರೆ ಮುಳುಗುವಷ್ಟು ನೀರಿದ್ದಾಗ 36 ಪಿಎಸ್ಐ ಇರುವ ಟೈರು ಸುಮಾರು 100 ಕಿಲೋಮೀಟರ್ ವೇಗದಲ್ಲಿ ತೇಲಿದರೆ, 25 ಇರುವುದು 83ಕ್ಕೇ ತೇಲುತ್ತದೆ. ಕಾರಿಗೆ ಇದು ಅಂದಾಜಿನ ಲೆಕ್ಕ, ಆದರೆ ದಿಕ್ಕು ಸ್ಪಷ್ಟ. ಮಳೆ ಕಡಿಮೆಯ ನಮ್ಮ ಸೀಮೆಯಲ್ಲಿ ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆಯ ಜಿಡ್ಡು ಮೊದಲ ಮಳೆಗೆ ಕರಗಿ ರಸ್ತೆ ಸಾಬೂನಿನಂತಾಗುತ್ತದೆ. ಆ ಹೊತ್ತಿಗೆ ಬೋಳಾದ, ಗಾಳಿ ಇಳಿದ ಹಿಂಗಾಲಿಯೊಂದಿಗೆ ಖಾಲಿ ಪಿಕಪ್ ಓಡಿಸುವುದು ಬೇಡವೇ ಬೇಡ.

ದುಡ್ಡಿನ ಮಾತು ಉಳಿಯಿತು. ನಾಲ್ಕೂ ಒಟ್ಟಿಗೆ ಕೊಳ್ಳಲು ಎಲ್ಲರಿಗೂ ಆಗದು, ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ದಾರಿ ಇದೆ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಗಾಲಿಗಳನ್ನು ಅದಲುಬದಲು ಮಾಡಿಸಬೇಕು. ಹಿಂದಿನ ಗಾಲಿಯಿಂದ ಓಡುವ ಗಾಡಿಯಲ್ಲಿ ಹಿಂದಿನವು ನೇರ ಮುಂದಕ್ಕೆ, ಮುಂದಿನವು ಅಡ್ಡಹಾದು ಹಿಂದಕ್ಕೆ. ಹಾಗೆ ಮಾಡಿದರೆ ನಾಲ್ಕೂ ಸಮನಾಗಿ ಸವೆಯುತ್ತವೆ. ಸರಕಾರದ ನಿಯಮ ಕಾರಿಗೆ ಕನಿಷ್ಠ 1.6 ಮಿಲಿಮೀಟರ್ ಗೆರೆ ಕೇಳುತ್ತದೆ. ಗೆರೆಯ ತಳದಲ್ಲಿ ಅಲ್ಲಲ್ಲಿ ಇರುವ ಸಣ್ಣ ದಿಬ್ಬಗಳು ಮೇಲ್ಮೈಗೆ ಸಮವಾದರೆ ಆ ಮಿತಿ ಮುಟ್ಟಿದಂತೆ. ಗೆರೆಯಿದ್ದರೂ ವಯಸ್ಸು ನೋಡಬೇಕು. ಪಕ್ಕದ ಗೋಡೆಯ ಮೇಲೆ ಒಂದು ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ ಹುಟ್ಟಿದ ಟೈರ್ ಅದು. ಗಾಡಿ ಹೆಚ್ಚು ಓಡದೆ ಬಿಸಿಲಲ್ಲಿ ನಿಂತಿದ್ದರೂ ರಬ್ಬರು ಒಣಗುತ್ತದೆ, ಹೆಬ್ಬೆರಳಿನಿಂದ ಒತ್ತಿದರೆ ಗೋಡೆಯಲ್ಲಿ ಕೂದಲೆಳೆಯ ಬಿರುಕುಗಳು ಬಾಯಿ ಬಿಡುತ್ತವೆ. ಸ್ಟೆಪ್ನಿಗೂ ಇದೇ ಪರೀಕ್ಷೆ.

ಎಷ್ಟು ಗಾಳಿ ಎಂದು ಅಂಗಡಿಯಲ್ಲಿ ಕೇಳಬೇಕಿಲ್ಲ. ಬಹಳಷ್ಟು ಗಾಡಿಗಳಲ್ಲಿ ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ, ಇಲ್ಲವೇ ಕಂಪನಿಯ ಪುಸ್ತಕದಲ್ಲಿ ಇರುತ್ತದೆ. ಖಾಲಿ ಗಾಡಿಗೆ ಎಷ್ಟು, ಭಾರ ಹೇರಿದಾಗ ಎಷ್ಟು, ಮುಂದಕ್ಕೆಷ್ಟು, ಹಿಂದಕ್ಕೆಷ್ಟು ಎಂದು ಅದರಲ್ಲಿ ಬರೆದಿದೆ. ಗಾಡಿ ಓಡಿಸುವ ಮೊದಲು, ಬೆಳಗಿನ ತಂಪಿನಲ್ಲಿ, ಆ ಅಂಕಿಯಷ್ಟೇ ಗಾಳಿ ಹಿಡಿಸಿ.