ಅಕ್ವೇರಿಯಂಗೆ ಕಲ್ಲಿನ ಗೋಡೆ: ಕಡಲಿನಿಂದ ತರಬೇಡಿ, ಕೈಯಾರೆ ಮಾಡಿ

ಮನೆಯ ಹಜಾರದಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡುವ ಆಸೆ ನಿಮಗಿದೆಯೇ? ಸಮುದ್ರದ ಮೀನುಗಳು ಎಷ್ಟೇ ಚೆಂದವಿದ್ದರೂ ಗಾಜಿನ ಹಿಂದೆ ವಯರು, ಪ್ಲಗ್ಗು ಕಾಣುತ್ತಿದ್ದರೆ ಕಳೆ ಬರುವುದಿಲ್ಲ. ಹಿನ್ನೆಲೆಗೆ ಕಲ್ಲಿನ ಗೋಡೆಯೊಂದಿದ್ದರೆ ತೊಟ್ಟಿಗೆ ಕಡಲ ತಳದ ರೂಪ ಬರುತ್ತದೆ. ಮೀನುಗಳಿಗೆ ಅಡಗಲು ಸಂದುಗೊಂದುಗಳೂ ಸಿಗುತ್ತವೆ.

ಆದರೆ ಇದಕ್ಕಾಗಿ ಹವಳದ ಕಲ್ಲು ಕೊಳ್ಳಲು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಗಟ್ಟಿ ಹವಳಗಳನ್ನು ಸೇರಿಸಲಾಗಿದೆ. ಹುಲಿ, ಆನೆಗಳಿರುವುದೂ ಅದೇ ಪಟ್ಟಿಯಲ್ಲಿ. ಸತ್ತ ಹವಳವನ್ನು ಮಾರುವುದೂ ಅಪರಾಧ. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಗುಂಡು ಹವಳಗಳು ವರ್ಷಕ್ಕೆ ಬೆಳೆಯುವುದು ಒಂದೆರಡು ಸೆಂಟಿಮೀಟರ್ ಮಾತ್ರ. ಒಂದು ಮನೆಯ ಅಲಂಕಾರಕ್ಕೆ ಮುರಿದದ್ದು ಮತ್ತೆ ಬೆಳೆಯಲು ಒಂದು ತಲೆಮಾರೇ ಬೇಕಾದೀತು. ಆದ್ದರಿಂದ ಗೋಡೆಯನ್ನು ನೀವೇ ಮಾಡಿ.

ಬೇಕಾಗುವ ವಸ್ತುಗಳು

ಎರಡು ಇಂಚು ದಪ್ಪದ ಗಟ್ಟಿ ಥರ್ಮಾಕೋಲ್ ಹಾಳೆ, ಸಿಮೆಂಟ್, ತೊಳೆದ ಹೊಳೆ ಮರಳು, ಬ್ರಶ್, ಚಾಕು, ಕೈಗವಸು ಮತ್ತು ಅಕ್ವೇರಿಯಂಗೆಂದೇ ಸಿಗುವ ಸಿಲಿಕೋನ್ ಅಂಟು. ಬಚ್ಚಲುಮನೆಗೆ ಬಳಸುವ, ಬೂಷ್ಟು ತಡೆಯುವ ಸಿಲಿಕೋನ್ ಬೇಡ. ಅದರ ಔಷಧಿ ಮೀನಿಗೆ ವಿಷ.

ಮಾಡುವ ವಿಧಾನ

ಹಿಂಬದಿ ಗಾಜಿನ ಅಳತೆಗೆ ಥರ್ಮಾಕೋಲನ್ನು ಎರಡು ಮೂರು ತುಂಡುಗಳಾಗಿ ಕತ್ತರಿಸಿ. ಚಾಕುವಿನಿಂದ ಅಲ್ಲಲ್ಲಿ ಕೆತ್ತಿ ಕಲ್ಲಿನಂತೆ ಉಬ್ಬುತಗ್ಗು ಮಾಡಿ. ಬೆಂಕಿಯಿಂದ ಕರಗಿಸಬೇಡಿ, ಆ ಹೊಗೆ ಉಸಿರಿಗೆ ಕೆಟ್ಟದು. ಪಂಪು ಕೂರುವ ಜಾಗವನ್ನು ಮೊದಲೇ ಬಿಟ್ಟುಕೊಳ್ಳಿ.

ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು ಬೆರೆಸಿ. ಮೊದಲ ಲೇಪ ದೋಸೆ ಹಿಟ್ಟಿನಷ್ಟು ತೆಳುವಾಗಿರಲಿ. ಮರುದಿನ ಅದರ ಮೇಲೆ ಸ್ವಲ್ಪ ಗಟ್ಟಿಯಾಗಿ ಇನ್ನೊಂದು ಲೇಪ. ಹೀಗೆ ಮೂರು ನಾಲ್ಕು ಬಾರಿ ಹಚ್ಚಿ. ನಡುನಡುವೆ ಒದ್ದೆ ಗೋಣಿ ಹೊದಿಸಿಡಿ. ಬಣ್ಣ ಬಳಿಯುವ ಅಗತ್ಯವಿಲ್ಲ. ಕೆಲವು ತಿಂಗಳಲ್ಲಿ ಪಾಚಿಯೇ ಬಣ್ಣ ಕೊಡುತ್ತದೆ.

ಅವಸರ ಬೇಡ

ಇನ್ನು ಮುಖ್ಯವಾದ ಮಾತು. ಹೊಸ ಸಿಮೆಂಟು ನೀರಿಗೆ ಸುಣ್ಣ ಬಿಡುತ್ತದೆ. ಆಗ ನೀರಿನ ಪಿಎಚ್ ವಿಪರೀತ ಏರಿ ಮೀನಿನ ಕಿವಿರು ಸುಟ್ಟುಹೋಗುತ್ತದೆ. ಹಾಗಾಗಿ ತುಂಡುಗಳನ್ನು ಟಬ್ಬಿನಲ್ಲಿ ಸಿಹಿನೀರಿಗೆ ಹಾಕಿ, ತೇಲದಂತೆ ಮೇಲೆ ಭಾರವಿಟ್ಟು, ನಾಲ್ಕರಿಂದ ಆರು ವಾರ ನೆನೆಸಿಡಿ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಕೊನೆಗೆ ನೀರನ್ನು ಎರಡು ದಿನ ಬದಲಿಸದೆ ಬಿಟ್ಟು ಪಿಎಚ್ ಪರೀಕ್ಷಿಸಿ. ಸಮುದ್ರದ ನೀರಿನದು 8.1ರ ಆಸುಪಾಸು. 8.5ಕ್ಕಿಂತ ಹೆಚ್ಚು ಬಂದರೆ ಇನ್ನೂ ನೆನೆಸಬೇಕು.

ಬಳಿಕ ಚೆನ್ನಾಗಿ ಒಣಗಿಸಿ. ಖಾಲಿ ತೊಟ್ಟಿಯನ್ನು ಹಿಂಬದಿಗೆ ಮಲಗಿಸಿ, ತುಂಡುಗಳನ್ನು ಸಿಲಿಕೋನ್‌ನಿಂದ ಗಾಜಿಗೆ ಅಂಟಿಸಿ. ಅಂಚುಗಳನ್ನೂ ಪೂರ್ತಿ ಮುಚ್ಚಿ. ಸಂದಿ ಉಳಿದರೆ ಹಿಂದೆ ಕೊಳೆ ಸೇರುತ್ತದೆ, ಮರಿಮೀನು ಸಿಕ್ಕಿಬೀಳುತ್ತದೆ. ಥರ್ಮಾಕೋಲ್ ಮೇಲಕ್ಕೆ ತಳ್ಳುವುದರಿಂದ ಅಂಟು ಧಾರಾಳವಾಗಿರಲಿ. ಅದರ ಹುಳಿ ವಾಸನೆ ಪೂರ್ತಿ ಹೋಗುವವರೆಗೆ, ಅಂದರೆ ಸುಮಾರು ಒಂದು ವಾರ, ಕಾಯಿರಿ.

ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ತೊಟ್ಟಿಗೆ ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಗಾಜು, ಗೋಡೆ ಸೇರಿದರೆ ಭಾರ 200 ಕಿಲೋ ದಾಟುತ್ತದೆ. ಪುಟ್ಟ ಮಕ್ಕಳು ಹಿಡಿದು ನಿಲ್ಲುವ ಮನೆಯಲ್ಲಿ ಸ್ಟ್ಯಾಂಡು ಅಲುಗಾಡಬಾರದು. ವಯರನ್ನು ಪ್ಲಗ್ಗಿಗಿಂತ ಕೆಳಗೆ ಇಳಿಬಿಟ್ಟು ಸಿಕ್ಕಿಸಿ. ಆಗ ವಯರಿನ ಮೇಲೆ ಹರಿದ ನೀರು ಪ್ಲಗ್ಗಿಗೆ ತಲುಪದೆ ನೆಲಕ್ಕೆ ತೊಟ್ಟಿಕ್ಕುತ್ತದೆ.

ಉಪ್ಪುನೀರು ತುಂಬಿದ ದಿನವೇ ಮೀನು ಬಿಡಬೇಡಿ. ಮೀನಿನ ಕಶ್ಮಲದಿಂದ ಬರುವ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾಗಳು ನಿಮ್ಮ ಈ ಒರಟು ಗೋಡೆಯ ಮೇಲೆಯೇ ಬೆಳೆಯುತ್ತವೆ. ಅದಕ್ಕೂ ನಾಲ್ಕಾರು ವಾರ ಬೇಕು. ಒಟ್ಟಿನಲ್ಲಿ ಮೂರು ತಿಂಗಳ ಕೆಲಸವೆಂದು ತಿಳಿದೇ ಕೈಹಾಕಿ. ಕೆತ್ತುವ ಕೆಲಸದಲ್ಲಿ ದೊಡ್ಡ ಮಕ್ಕಳನ್ನೂ ಜೊತೆ ಸೇರಿಸಿಕೊಳ್ಳಿ. ರಜೆಯ ದಿನಗಳು ಸಾರ್ಥಕವಾಗುತ್ತವೆ. ಹವಳ ಇರಬೇಕಾದದ್ದು ಕಡಲಲ್ಲಿ ಎಂಬುದೂ ಅವರ ಮನಸ್ಸಿನಲ್ಲಿ ಉಳಿಯುತ್ತದೆ.