ತೂಕ ಇಳೀತು, ಚರ್ಮ ಇಳೀಲಿಲ್ಲ

30 ಕೆಜಿ ಇಳಿಸಿದ್ರಿ. ಊರೆಲ್ಲ ಶಭಾಷ್ ಅಂತು. ಆದ್ರೆ ಹೊಟ್ಟೆ ಕೆಳಗೆ ಜೋತುಬಿದ್ದ ಚರ್ಮದ ಮಡಿಕೆಯೊಳಗೆ ಕೆಂಪಗಾಗಿ ಉರೀತಿದೆಯಲ್ಲ, ಅದನ್ನ ಯಾರ ಹತ್ರ ಹೇಳೋದು?

ಇದು ಕೊಳಕಿನಿಂದ ಬಂದದ್ದಲ್ಲ. ಹಿಗ್ಗಿದ ಚರ್ಮ ಪೂರ್ತಿ ಕುಗ್ಗಲ್ಲ. ಚರ್ಮಕ್ಕೆ ಚರ್ಮ ಉಜ್ಜುತ್ತೆ, ಬೆವರು ಆರೋಕೆ ಗಾಳಿ ಸಿಗಲ್ಲ. ಡಾಕ್ಟರುಗಳು ಇದನ್ನ ಇಂಟರ್‌ಟ್ರೈಗೊ ಅಂತಾರೆ. ಆ ಒದ್ದೆ ಜಾಗಕ್ಕೆ ಕ್ಯಾಂಡಿಡಾ ಅನ್ನೋ ಶಿಲೀಂಧ್ರ ಸೇರಿಕೊಂಡ್ರೆ, ಕೆಂಪು ಪಟ್ಟೆಯ ಅಂಚಿನಾಚೆ ಸಣ್ಣ ಸಣ್ಣ ಗುಳ್ಳೆ ಏಳುತ್ವೆ.

ಹಾಗಂತ ನಾರು ಹಾಕಿ ತಿಕ್ಕಬೇಡಿ, ದಯವಿಟ್ಟು! ಉಗುರುಬೆಚ್ಚಗಿನ ನೀರು, ಮೃದುವಾದ ಸೋಪು ಸಾಕು. ಅಸಲಿ ಕೆಲಸ ಆಮೇಲಿನದು, ಒಣಗಿಸೋದು. ಮಡಿಕೆ ಎತ್ತಿ, ಟವೆಲ್ ಒತ್ತಿ ಒತ್ತಿ ತೇವ ತೆಗೀರಿ, ಉಜ್ಜಬೇಡಿ. ಹೇರ್ ಡ್ರೈಯರ್ ಇದ್ರೆ ತಣ್ಣನೆ ಗಾಳಿ, ಇಲ್ದಿದ್ರೆ ಐದು ನಿಮಿಷ ಫ್ಯಾನ್ ಕೆಳಗೆ. ನಡುವೆ ಒಗೆದ ಹಳೇ ಪಂಚೆಯ ತುಂಡು ಇಡಿ, ಒದ್ದೆಯಾದಾಗೆಲ್ಲ ಬದಲಿಸಿ. ಮಂಗಳೂರಿನ ಸೆಕೆಗೆ ದಿನಕ್ಕೆ ಮೂರ್ನಾಲ್ಕು ತುಂಡು ಬೇಕಾದೀತು! ಚರ್ಮ ಒಡೆದಿಲ್ಲ ಅಂದ್ರೆ ತೆಳ್ಳಗೆ ಜಿಂಕ್ ಆಕ್ಸೈಡ್ ಕ್ರೀಮ್ ಹಚ್ಚಿ, ಉಜ್ಜಾಟ ಕಮ್ಮಿಯಾಗುತ್ತೆ.

ಮೆಡಿಕಲ್ ಶಾಪ್‌ನಲ್ಲಿ ಸಿಗೋ 'ಎಲ್ಲದಕ್ಕೂ ಒಂದೇ' ಕ್ರೀಮ್? ಬೇಡ. ಅಂಥ ಎಷ್ಟೋ ಟ್ಯೂಬ್‌ಗಳಲ್ಲಿ ಸ್ಟಿರಾಯ್ಡ್ ಇರುತ್ತೆ. ಎರಡು ದಿನ ತುರಿಕೆ ಮಾಯ. ಹಚ್ಚುತ್ತಾ ಹೋದ್ರೆ ಚರ್ಮವೇ ತೆಳುವಾಗುತ್ತೆ.

ಕೀವು, ಕೆಟ್ಟ ವಾಸನೆ, ಜ್ವರ ಕಂಡ್ರೆ ತಡ ಮಾಡದೆ ಡಾಕ್ಟರ್‌ಗೆ ತೋರಿಸಿ. ಮತ್ತೆ ಮತ್ತೆ ಬರ್ತಿದ್ರೆ ಶುಗರ್ ಟೆಸ್ಟೂ ಮಾಡಿಸಿ. ಇನ್ನು ಚರ್ಮ ತೆಗೆಸೋ ಆಪರೇಷನ್? ಸಾಮಾನ್ಯವಾಗಿ ತೂಕ ಆರು ತಿಂಗಳಾದ್ರೂ ಏರಿಳಿಯದೆ ನಿಂತ ಮೇಲೇ ಸರ್ಜನ್‌ಗಳು ಆ ಮಾತು ಎತ್ತೋದು.