ಮೈಬಣ್ಣ ಒಂದೇ ಟ್ಯೂಬಿನಲ್ಲಿ ಸಿಗದು

ಬಣ್ಣದ ಅಂಗಡಿಯಲ್ಲಿ ‘ಫ್ಲೆಶ್ ಟಿಂಟ್’ ಹೆಸರಿನ ಟ್ಯೂಬ್ ಸಿಗುತ್ತದೆ. ಒತ್ತಿದರೆ ಬರುವುದು ನಸುಗುಲಾಬಿ. ಯುರೋಪಿನವರ ಕೆನ್ನೆಯನ್ನು ಕಣ್ಣಮುಂದಿಟ್ಟುಕೊಂಡು ಬೆರೆಸಿದ ಬಣ್ಣ ಅದು. ಅವರ ಮುಖಕ್ಕೂ ಅದೊಂದೇ ಸಾಲದು. ನಮ್ಮ ಮುಖಗಳಿಗೆಂದು ಅದಕ್ಕಿಷ್ಟು ಕಂದು ಕಲಸಿ, ನೆರಳಿಗೆ ಕಪ್ಪು, ಬೆಳಕಿಗೆ ಬಿಳಿ ಸೇರಿಸಿದರೆ ಎದುರಿಗೆ ಕೂತ ಮನುಷ್ಯ ಮಣ್ಣಿನ ಗೊಂಬೆಯಂತೆ ಕಾಣತೊಡಗುತ್ತಾನೆ. ಭಾವಚಿತ್ರ ಕಲಿಯುವವರಲ್ಲಿ ಬಹಳಷ್ಟು ಜನ ಎಡವುವುದು ಇಲ್ಲಿಯೇ.

ಕಂದು ಮೈಯನ್ನು ಹೇಗೆ ಬರೆಯಬೇಕೆಂದು ತಲೆ ಕೆಡಿಸಿಕೊಂಡ ಊರುಗಳಲ್ಲಿ ಕೋಲ್ಕತ್ತ ದೊಡ್ಡದು. ಚೌರಂಗಿಯಲ್ಲಿ ಇಂಡಿಯನ್ ಮ್ಯೂಸಿಯಂ ಪಕ್ಕದಲ್ಲೇ ಸರ್ಕಾರಿ ಕಲಾ ಕಾಲೇಜಿದೆ. ಅದರ ಬೇರು 1854ರಷ್ಟು ಹಿಂದಕ್ಕೆ ಹೋಗುತ್ತದೆ. 1896ರಲ್ಲಿ ಮುಖ್ಯಸ್ಥರಾಗಿ ಬಂದ ಇ.ಬಿ. ಹ್ಯಾವೆಲ್, ಯುರೋಪಿನ ಪ್ಲಾಸ್ಟರ್ ಪ್ರತಿಮೆಗಳನ್ನು ನೋಡಿ ಬರೆಸುವ ಪಾಠವನ್ನು ಬದಿಗಿಟ್ಟು ವಿದ್ಯಾರ್ಥಿಗಳನ್ನು ಭಾರತೀಯ ಪರಂಪರೆಯತ್ತ ತಿರುಗಿಸಲು ಹೊರಟರು. ವಿದ್ಯಾರ್ಥಿಗಳು ಸಿಟ್ಟಾದರು. ಅವರಲ್ಲೊಬ್ಬರಾದ ರಣದಾಪ್ರಸಾದ ಗುಪ್ತ ಹೊರಬಂದು, ಯುರೋಪಿನ ಪಾಠವನ್ನೇ ಮುಂದುವರಿಸಲೆಂದು 1897ರಲ್ಲಿ ಜುಬಿಲಿ ಆರ್ಟ್ ಅಕಾಡೆಮಿ ತೆರೆದರು. ಮೈಬಣ್ಣದ ಎರಡು ದಾರಿಗಳು ಅಲ್ಲಿಂದ ಕವಲೊಡೆದವು.

ಒಂದು ದಾರಿ, ಹ್ಯಾವೆಲ್ ತೋರಿದ ದಿಕ್ಕಿನಲ್ಲೇ ಸಾಗಿದ ಚಿತ್ರಕಾರ ಅವನೀಂದ್ರನಾಥ ಟ್ಯಾಗೋರರದು. ತೆಳುವಾಗಿ ಜಲವರ್ಣ ಹಚ್ಚುವುದು, ಕಾಗದವನ್ನು ನೀರಿನಲ್ಲಿ ಅದ್ದುವುದು, ಒಣಗಿಸುವುದು, ಮತ್ತೆ ಹಚ್ಚುವುದು. 1905ರ ಅವರ ‘ಭಾರತಮಾತಾ’ ಚಿತ್ರದಲ್ಲಿ ಮೈ ಹೊಳೆಯುವುದು ಹೀಗೆ ಪದರ ಪದರವಾಗಿ ಇಳಿದ ಬಣ್ಣದಿಂದ. ನಮ್ಮ ಕೆ. ವೆಂಕಟಪ್ಪ (1886–1965) ಈ ವಿದ್ಯೆ ಕಲಿಯಲೆಂದೇ ಮೈಸೂರು ಅರಸರ ನೆರವಿನಿಂದ ಕಲ್ಕತ್ತೆಗೆ ಹೋದವರು. ಅಲ್ಲಿ ಕಲಾವಿದ ನಂದಲಾಲ್ ಬೋಸರ ಒಡನಾಡಿ. ಊಟಿಯ ಮಂಜು, ಬೆಟ್ಟಗಳನ್ನು ಅವರು ಮುಂದೆ ಬರೆದದ್ದನ್ನು ಎಲ್ಲರೂ ಕೊಂಡಾಡುತ್ತಾರೆ. ಬಣ್ಣವನ್ನು ಅಷ್ಟು ತೆಳುವಾಗಿ, ಅಷ್ಟು ತಾಳ್ಮೆಯಿಂದ ಏರಿಸುವ ಅಭ್ಯಾಸದ ಹಿಂದೆ ಕಲ್ಕತ್ತೆಯ ಆ ವರ್ಷಗಳಿವೆ ಎಂದೇ ನನ್ನ ನಂಬಿಕೆ.

ಇನ್ನೊಂದು ದಾರಿ ತೈಲವರ್ಣದ್ದು. ಅದನ್ನು ಬಿಡದೆ ಹಿಡಿದವರು ಹೇಮೇಂದ್ರನಾಥ ಮಜುಂದಾರ್ (1894–1948). ಅದೇ ಸರ್ಕಾರಿ ಕಲಾ ಕಾಲೇಜಿಗೆ ಸೇರಿ, ಬಿಟ್ಟು, ಜುಬಿಲಿ ಅಕಾಡೆಮಿಗೆ ಹೋದರು. ಅತುಲ್ ಬೋಸ್, ಜಾಮಿನಿ ರಾಯ್ ಜೊತೆಗೂಡಿ ವಾಸ್ತವ ಶೈಲಿಯ ಕಲಾವಿದರ ಸಂಘ ಕಟ್ಟಿದರು. ಮುಂದೆ ಪಟಿಯಾಲದ ಮಹಾರಾಜರ ಆಶ್ರಯ ಪಡೆದರು. ಅವರ ಹೆಸರು ನಿಂತಿರುವುದು ಒದ್ದೆ ಸೀರೆಯ ಹೆಂಗಸರ ಚಿತ್ರಗಳಿಂದ. ಅದು ಬರೀ ಶೃಂಗಾರ ಎಂದು ಮೂಗು ಮುರಿದವರಿದ್ದಾರೆ. ಶೃಂಗಾರ ಇದೆ, ನಿಜ. ಆದರೆ ಬಣ್ಣ ಕಲಿಯುವವನು ಅಲ್ಲಿಗೇ ನಿಂತರೆ ನಷ್ಟ ಅವನದೇ. ಬರಿಯ ಚರ್ಮ, ನೀರು ಜಿನುಗುವ ಚರ್ಮ, ಒದ್ದೆ ಬಟ್ಟೆಯ ಮೂಲಕ ಕಾಣುವ ಚರ್ಮ, ಮೂರನ್ನೂ ಒಂದೇ ಮೈಮೇಲೆ ಬರೆಯುವುದೆಂದರೆ ಮೂರು ಬೇರೆ ಬೇರೆ ಬಣ್ಣದ ಲೆಕ್ಕ. ಬಟ್ಟೆ ಅಂಟಿದಲ್ಲಿ ಮೈಯ ಬಿಸುಪು ಮಸುಕಾಗಬೇಕು, ಸಡಿಲವಾದಲ್ಲಿ ಬಟ್ಟೆಯ ತಂಪು ಮೇಲೆ ಬರಬೇಕು. ಇಷ್ಟನ್ನು ಒಂದು ಕಂದಿನಿಂದ ಸಾಧಿಸಲಾಗದು.

ಕಾರಣ ಚರ್ಮದಲ್ಲೇ ಇದೆ. ಮೇಲ್ಪದರದಲ್ಲಿ ಮೆಲನಿನ್‌ನ ಕಂದು, ಅದರ ಕೆಳಗೆ ರಕ್ತದ ಕೆಂಪು, ಎಲ್ಲಕ್ಕಿಂತ ಮೇಲೆ ಎಣ್ಣೆ, ಬೆವರಿನ ಹೊಳಪು. ರಕ್ತನಾಳ ದಟ್ಟವಾಗಿರುವ ಮೂಗು, ಕೆನ್ನೆ, ಕಿವಿ ಕೆಂಪಿಗೆ ವಾಲುತ್ತವೆ, ಹಣೆ ಹಳದಿಗೆ. ಗಡ್ಡ ಬೋಳಿಸಿದ ದವಡೆಯಲ್ಲಿ ನೀಲಿ-ಹಸಿರಿನ ಎಳೆ, ಕಣ್ಣಡಿಯಲ್ಲಿ ನೇರಳೆ. ಕಪ್ಪು ಮೈಯವರಲ್ಲಿ ಈ ಕೆಂಪು ಗುಲಾಬಿಯಾಗಿ ತೋರದು, ತಾಮ್ರವಾಗಿ ತೋರುತ್ತದೆ. ಕಿಟಕಿಯ ಬೆಳಕು ಬಿದ್ದ ಅವರ ಹಣೆಯ ಹೊಳಪು ಆಕಾಶದ ನೀಲಿಯನ್ನು ಹೊತ್ತಿರುತ್ತದೆ. ಅಲ್ಲಿ ಬರಿಯ ಬಿಳಿ ಇಟ್ಟರೆ ಬೂದಿ ಮೆತ್ತಿದ ಹಾಗೆ. ಗದ್ದದ ಕೆಳಗಿನ ನೆರಳಿನಲ್ಲಿ ಉಟ್ಟ ಸೀರೆಯ ಬಣ್ಣ ಪ್ರತಿಫಲಿಸುತ್ತಿರುತ್ತದೆ.

ಹಾಗಾಗಿ ಪ್ಯಾಲೆಟ್ ಮೇಲೆ ಯೆಲ್ಲೊ ಓಕರ್, ಬರ್ನ್ಟ್ ಸಿಯೆನ್ನಾ, ಅಲಿಜರಿನ್ ಕ್ರಿಮ್ಸನ್, ಅಲ್ಟ್ರಾಮರೀನ್ ಇರಲಿ. ಕಪ್ಪಿನ ಬದಲು ಬರ್ನ್ಟ್ ಅಂಬರ್‌ಗೆ ಅಲ್ಟ್ರಾಮರೀನ್ ಬೆರೆಸಿದರೆ ನೆರಳಿಗೆ ಉಸಿರಾಡಲು ಜಾಗ ಉಳಿಯುತ್ತದೆ. ಕೆಂಪು ಅತಿಯಾದರೆ ಚೂರು ಹಸಿರು ಅದನ್ನು ತಗ್ಗಿಸುತ್ತದೆ. ಇಟಲಿಯ ಹಳೆಯ ಚಿತ್ರಕಾರರು ಮುಖದ ತಳಕ್ಕೆ ಮೊದಲೇ ಮಣ್ಣುಹಸಿರು ಹಚ್ಚುತ್ತಿದ್ದುದರ ಗುಟ್ಟೂ ಇದೇ. ಟ್ಯೂಬುಗಳ ಸಂಖ್ಯೆ ಹೆಚ್ಚಿರಲೇಬೇಕೆಂದಿಲ್ಲ. ಸ್ವೀಡನ್ನಿನ ಆಂಡರ್ಸ್ ಝೋರ್ನ್ ಹಳದಿ ಓಕರ್, ವರ್ಮಿಲಿಯನ್, ಕಪ್ಪು, ಬಿಳಿ ಇಷ್ಟರಲ್ಲೇ ಮುಖಗಳನ್ನು ಬರೆದು ಹೆಸರಾದರು. ಕಪ್ಪು-ಬಿಳಿ ಬೆರೆತ ಬೂದು, ಕೆಂಪಿನ ಪಕ್ಕ ಕೂತರೆ ಕಣ್ಣಿಗೆ ನೀಲಿಯಾಗಿ ಕಾಣುತ್ತದೆ. ಪಕ್ಕದ ಬಣ್ಣ ಯಾವುದೆಂದು ನೋಡದೆ ಯಾವ ಬಣ್ಣವನ್ನೂ ಇಡಬಾರದು ಎನ್ನುವುದು ಅದಕ್ಕೇ.

ಜಾಮಿನಿ ರಾಯ್ ಇದನ್ನೆಲ್ಲ ಬಲ್ಲವರು; ತೈಲವರ್ಣದ ಭಾವಚಿತ್ರ ಬರೆದೇ ಜೀವನ ಶುರು ಮಾಡಿದವರು. ಆಮೇಲೆ ಬಂಗಾಳದ ಪಟಚಿತ್ರಗಳ ಕಡೆ ಹೊರಳಿ ಮುಖಕ್ಕೆ ಒಂದೇ ಸಪಾಟು ಬಣ್ಣ ಸಾಕೆಂದರು. ಅದು ತಿಳಿದು ಬಿಟ್ಟದ್ದು, ತಿಳಿಯದೆ ಬಿಟ್ಟದ್ದಲ್ಲ. ಬಿಟ್ಟ ಎಳೆಯನ್ನು ಮತ್ತೆ ಎತ್ತಿಕೊಂಡವರು ಉತ್ತರ ಕೋಲ್ಕತ್ತದ ಬಿಕಾಶ್ ಭಟ್ಟಾಚಾರ್ಯ (1940–2006). ಮಾಸಿದ ಗೋಡೆಗಳ ಹಳೆಯ ಮನೆಗಳ ಸಾಮಾನ್ಯ ಹೆಂಗಸರ ಹಣೆಯಲ್ಲಿ ಅವರು ದುರ್ಗೆಯ ಮೂರನೆಯ ಕಣ್ಣು ಬರೆದರು. ಆ ಕಣ್ಣನ್ನು ನಾವು ನಂಬುವುದು ಅದರ ಸುತ್ತಲಿನ ಚರ್ಮ ಅಷ್ಟು ನಿಜವಾಗಿರುವುದರಿಂದ.

ಕೋಲ್ಕತ್ತಕ್ಕೆ ಹೋಗಲಾಗದವರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಎಸ್.ಎಲ್. ಹಲ್ದಣ್ಕರರ ದೀಪದ ಹೆಣ್ಣಿನ ಚಿತ್ರವನ್ನು ನೋಡಲಿ. ಎಲ್ಲರೂ ಅದನ್ನು ತೈಲವರ್ಣವೆಂದುಕೊಳ್ಳುತ್ತಾರೆ, ಅದು ಜಲವರ್ಣ. ಮುಖಕ್ಕಿಂತ ಮೊದಲು, ದೀಪಕ್ಕೆ ಅಡ್ಡ ಹಿಡಿದ ಕೈಬೆರಳುಗಳನ್ನು ಗಮನಿಸಬೇಕು. ಬೆಳಕು ಅಲ್ಲಿ ಚರ್ಮವನ್ನು ಹಾದು ಬರುತ್ತಿದೆ. ಬೆರಳಂಚಿನ ಕೆಂಪು ರಕ್ತದ್ದು. ಅದೇ ಕೈಯ ಹಿಂಬದಿ ಯಾವ ಬಣ್ಣದಲ್ಲಿದೆ, ಮಣಿಕಟ್ಟಿನ ಹತ್ತಿರ ಅದು ಎಲ್ಲಿ ಬದಲಾಗುತ್ತದೆ ಎಂದು ನಿಂತು ಹುಡುಕಿದವರಿಗೆ, ಮನೆಗೆ ಬಂದು ತಮ್ಮವರ ಮುಖವನ್ನು ಬರೆಯುವಾಗ ಎಲ್ಲಿಂದ ಶುರು ಮಾಡಬೇಕೆಂಬುದು ಗೊತ್ತಿರುತ್ತದೆ.